ಮುಧೋಳದ ಗೆಳೆಯನಿಗೆ, ನಾಯಿಮರಿ ವ್ಯಾಪಾರದ ವಿಷಯವಾಗಿ

ದೋಸ್ತ,

ನಿನಗೆ ವಾಟ್ಸಾಪಿನಲ್ಲಿ ಉತ್ತರ ಬರೆದರೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ನಾಲ್ಕು ಮಂದಿ ಎದುರು ಬರೆಯುತ್ತಿದ್ದೇನೆ. ಮಂದಿ ಇದ್ದಾಗ ನೀನು ಭಾಳ ಸಂಭಾವಿತ. ಜಮಖಂಡಿ ಬಸ್ಸಿನ ಕೋಳಿ ವಿಷಯ ತೆಗೆಯುವುದಿಲ್ಲ, ಹೆದರಬೇಡ. ಮಾಸ್ತರರ ಛತ್ರಿ ವಿಷಯವನ್ನೂ.

"ಬರ್ಲಿನ್ನಿಗೆ ನಾಕ ಮರಿ ಕಳಿಸಿದ್ರ ಛಲೋ ರೇಟ್ ಸಿಗತೈತೇನು?" ಅಂತ ಕೇಳಿದ್ದೆಯಲ್ಲ. ರೇಟಿನ ಮಾತು ಆಮೇಲೆ. ಮೊದಲನೆಯದಾಗಿ ಇಲ್ಲಿಗೆ ಮರಿ ಬರುವುದೇ ಇಲ್ಲ. ಭಾರತದಿಂದ ಯುರೋಪಿಗೆ ನಾಯಿ ತರಬೇಕಾದರೆ ಅದರ ಮೈಯೊಳಗೆ ಚಿಪ್ ಇರಬೇಕು. ಹನ್ನೆರಡು ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ. ಅದಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಯುರೋಪಿನವರು ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರಿಪೋರ್ಟ್ ಸರಿ ಬಂದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಲೆಕ್ಕ ಹಾಕು, ಏಳು ತಿಂಗಳು. ಅಷ್ಟರಲ್ಲಿ ನಿನ್ನ ಮರಿ ಮನೆಯ ಹಾಲನ್ನೆಲ್ಲ ಕುಡಿದು ಮಂಚಕ್ಕಿಂತ ಎತ್ತರ ಬೆಳೆದಿರುತ್ತದೆ. ಬಂದ ಮೇಲೆ ಕೊಂಡವನಿಗೆ ತೆರಿಗೆ ಬೇರೆ. ಬರ್ಲಿನ್ನಿನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯುರೋ, ಎರಡನೆಯದಕ್ಕೆ 180. ನಿನ್ನ ಹಿತ್ತಲಿನ ನಾಯಿಗಳ ಲೆಕ್ಕ ತೆಗೆದರೆ ಹೊಲ ಮಾರಬೇಕಾಗುತ್ತದೆ.

ಆದರೆ ಮುಧೋಳ ನಾಯಿ ಆಗಲೇ ಇಲ್ಲಿಗೆ ಬಂದಿದೆ ಅಂತ ನಾನೊಮ್ಮೆ ನಂಬಿಬಿಟ್ಟಿದ್ದೆ. ಪಾರ್ಕಿನಲ್ಲಿ ಒಬ್ಬ ಹೆಂಗಸು ಹಿಡಿದುಕೊಂಡು ಹೊರಟಿದ್ದಳು. ಅದೇ ಉದ್ದ ಮೂತಿ, ಅದೇ ಇಳಿದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು. ಮೈಮೇಲೆ ಮಾತ್ರ ಹಸಿರು ಸ್ವೆಟರ್. ನನಗೆ ತಡೆಯಲಾಗದೆ "ಏ ಬಾರಲೇ" ಅಂದುಬಿಟ್ಟೆ. ನಾಯಿ ತಿರುಗಿಯೂ ನೋಡಲಿಲ್ಲ, ಹೆಂಗಸು ನೋಡಿದಳು. ಅದು ಸ್ಪೇನಿನ ಗಾಲ್ಗೊ. ನಮ್ಮವುಗಳ ಹಾಗೇ ಮೊಲದ ಹಿಂದೆ ಓಡಿಸಲು ಸಾಕುವ ಜಾತಿ. ಫೆಬ್ರವರಿ ಹೊತ್ತಿಗೆ ಬೇಟೆ ಹಂಗಾಮು ಮುಗಿದರೆ, ಸರಿಯಾಗಿ ಓಡದ ಎಷ್ಟೋ ನಾಯಿಗಳನ್ನು ಅಲ್ಲಿ ರಸ್ತೆಗೆ ಬಿಟ್ಟು ಹೋಗುತ್ತಾರೆ. 2023ರಲ್ಲಿ ಸ್ಪೇನ್ ಪ್ರಾಣಿಗಳಿಗೆಂದೇ ದೊಡ್ಡ ಕಾನೂನು ಮಾಡಿತು. ಬೇಟೆನಾಯಿಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು! ಹೀಗೆ ಬೀದಿಗೆ ಬಿದ್ದವನ್ನು ಜರ್ಮನಿಯವರು ಅರ್ಜಿ ಹಾಕಿ, ಮನೆ ತೋರಿಸಿ, ದುಡ್ಡು ಕೊಟ್ಟು ತರುತ್ತಾರೆ. ಫಾರೆನ್ ಅಂದರೆ ಎಲ್ಲ ಒಂದೇ ಅನ್ನುತ್ತೀಯಲ್ಲ ನೀನು, ಅದಕ್ಕೆ ಹೇಳಿದೆ.

ಆ ಹುರುಪಿನಲ್ಲಿ ಆಫೀಸಿನಲ್ಲಿ ನಿನ್ನ ನಾಯಿ ರಾಜಾನ ಫೋಟೋ ತೋರಿಸಿದೆ. ಬೇವಿನ ಮರದ ಕೆಳಗಿನದು. ಮೊದಲ ಪ್ರಶ್ನೆ, ಇದಕ್ಕೆ ಊಟ ಹಾಕುವುದಿಲ್ಲವಾ? ನಾನು ಎದ್ದು ನಿಂತು ಭಾಷಣ ಮಾಡಿದೆ. ಈ ಜಾತಿ ಇರುವುದೇ ಹೀಗೆ, ಮುಧೋಳದ ಘೋರ್ಪಡೆ ಮಹಾರಾಜರು ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿ ಮೇಲೆ ಬಂದಿದೆ, ನಮ್ಮ ಸೈನ್ಯಕ್ಕೆ ಸೇರಿದೆ, ತಿಮ್ಮಾಪುರದಲ್ಲಿ ಇದಕ್ಕೇ ಒಂದು ಸಂಶೋಧನಾ ಕೇಂದ್ರ ಇದೆ ಅಂತ. ಎಲ್ಲ ಕೇಳಿಸಿಕೊಂಡು ಒಬ್ಬಳು ಫೋಟೋ ದೊಡ್ಡದು ಮಾಡಿ ಸರಪಳಿ ಮೇಲೆ ಬೆರಳಿಟ್ಟಳು. "ಮತ್ತೆ ಇದು?"

ಇಲ್ಲಿ 2022ರಿಂದ ನಾಯಿಗಳ ನಿಯಮ ಬಿಗಿಯಾಗಿದೆ. ಹೊರಗೆ ಬಯಲಲ್ಲಿ ಸಾಕಷ್ಟು ತಿರುಗಾಡಿಸಬೇಕು, ದಿನಕ್ಕೆ ಹಲವು ಸಲ ಅದರ ಜೊತೆ ಮನುಷ್ಯರು ಹೊತ್ತು ಕಳೆಯಬೇಕು. ಕಟ್ಟಿಹಾಕಿ ಸಾಕುವುದಕ್ಕೆ 2023ರಿಂದ ನಿಷೇಧ. ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಅಂದುಕೊಂಡಿದ್ದೆ. ಇದೆ ಮಾರಾಯ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಬರೆದಿದ್ದಾರೆ, ಸದಾ ಕಟ್ಟಿಹಾಕುವ ನಾಯಿಯನ್ನು ಅಡ್ಡಾಡಿಸದಿದ್ದರೆ ಅದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ನಿನ್ನ ಒಂದು ದಿನದ ಗುಟ್ಕಾ ಖರ್ಚಿಗಿಂತ ಕಡಿಮೆ.

ಇಷ್ಟು ಬರೆದು ನಿಲ್ಲಿಸಬೇಕು ಅಂತಲೇ ಕೂತಿದ್ದೆ.

ನಮ್ಮ ಎದುರಿನ ಕಟ್ಟಡದ ಎರಡನೇ ಮಹಡಿ ಬಾಲ್ಕನಿಯಲ್ಲಿ ಒಂದು ಕಂದು ನಾಯಿ ಇತ್ತು. ಬೆಳಿಗ್ಗೆ ನಾನು ಚಹಾ ಕುಡಿಯುವಾಗ ಹೊರಗೇ ಇರುತ್ತಿತ್ತು, ರಾತ್ರಿ ಪಾತ್ರೆ ತೊಳೆಯುವಾಗಲೂ ಹೊರಗೇ. ನವೆಂಬರ್ ಚಳಿ. ಬೊಗಳಿ ಬೊಗಳಿ ದನಿ ಬಿದ್ದುಹೋಗಿತ್ತು, ಬಾಯಿ ತೆರೆದರೆ ಬರೀ ಹೊಗೆ ಬರುತ್ತಿತ್ತು. ಇಲ್ಲಿ ಬೀದಿನಾಯಿ ಅನ್ನುವುದು ಇಲ್ಲ. ಹಾಗಾಗಿ ಕಷ್ಟದಲ್ಲಿರುವ ನಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ, ಇದ್ದರೆ ಹೀಗೆ ಯಾರದೋ ಬಾಗಿಲ ಆಚೆ ಇರುತ್ತದೆ. ಪಶುವೈದ್ಯ ಇಲಾಖೆಗೆ ಬರೆಯಬೇಕು ಅಂತ ಕೂತೆ. ಫಾರ್ಮಿನಲ್ಲಿ ಸಾಕಿದವರ ಹೆಸರು ಕೇಳಿತ್ತು. ಕೆಳಗಿಳಿದು ಆ ಕಟ್ಟಡದ ಬೆಲ್ಲುಗಳ ಮುಂದೆ ನಿಂತೆ. ಎರಡನೇ ಮಹಡಿ, ಎಡಗಡೆ ಮನೆ. ಪೆನ್ನಿನಲ್ಲಿ ಬರೆದು ಟೇಪ್ ಅಂಟಿಸಿದ ಚೀಟಿ. ಜರ್ಮನ್ ಹೆಸರಲ್ಲ. ನನ್ನ ಹಾಗೇ ಹೊರಗಿನಿಂದ ಬಂದವನು.

ಆಗ ನನಗೆ ಧೈರ್ಯ ಬಂತು ದೋಸ್ತ.

ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಚೀಟಿಯಲ್ಲಿ ಜರ್ಮನ್ ಹೆಸರಿದ್ದಿದ್ದರೆ ಬರೆಯುತ್ತಿದ್ದೆನಾ? ಬೆಲ್ಲಿಗೂ ನನ್ನ ಬೆರಳಿಗೂ ಒಂದು ಗೇಣು ಅಂತರ. ಒತ್ತಿ, "ಅಣ್ಣಾ, ನಾಯಿ ಚಳಿಗೆ ಸಾಯಾಕತ್ತೈತಿ" ಅನ್ನಬಹುದಿತ್ತು, ಯಾವ ಭಾಷೆಯಲ್ಲಾದರೂ. ಒತ್ತಲಿಲ್ಲ. ಮನೆಗೆ ಬಂದು ಫಾರ್ಮ್ ತುಂಬಿದೆ, ವ್ಯಾಕರಣ ಎರಡೆರಡು ಸಲ ನೋಡಿದೆ. ಉತ್ತರ ಬಂತು: ನಿಮ್ಮ ಕಾಳಜಿಗೆ ಧನ್ಯವಾದ, ಪರಿಶೀಲಿಸುತ್ತೇವೆ. ಆ ಎರಡು ಸಾಲನ್ನು ನಾನು ಪ್ರಮೋಷನ್ ಪತ್ರ ಓದಿದ ಹಾಗೆ ಓದಿದೆ. ವೀಸಾ, ಬಾಡಿಗೆ, ಬ್ಯಾಂಕು ಅಂತ ಈ ದೇಶದ ಆಫೀಸುಗಳ ಮುಂದೆ ನಾನು ಯಾವಾಗಲೂ ಕೈಕಟ್ಟಿ ನಿಂತವನು. ಅವತ್ತು ಮೊದಲ ಸಲ ಅವರ ಕಡೆಯವನಾಗಿದ್ದೆ. ನಾಯಿಯ ನೆನಪು ಆ ಹೊತ್ತಿನಲ್ಲಿ ಎಷ್ಟಿತ್ತು ಅಂತ ಕೇಳಬೇಡ.

ನಾಯಿಗೆ ಒಳ್ಳೆಯದೇ ಆಯಿತು. ಈಗ ಅದು ಒಳಗೆ ಮಲಗುತ್ತದೆ, ಬೆಳಿಗ್ಗೆ ಸಂಜೆ ಒಬ್ಬ ಹುಡುಗಿ ಬಂದು ತಿರುಗಾಡಿಸುತ್ತಾಳೆ. ಮತ್ತೆ ಅಂಥದ್ದು ಕಂಡರೆ ಮತ್ತೆ ಬರೆಯುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮನುಷ್ಯ ಬ್ರೆಡ್ ಅಂಗಡಿಯಲ್ಲಿ ಸಿಗುತ್ತಾನೆ, ಯಾರು ಬರೆದದ್ದು ಅಂತ ಗೊತ್ತಿಲ್ಲದೆ ನಗುತ್ತಾನೆ. ನಾನೂ ನಗುತ್ತೇನೆ, ಬೇಗ ಚಿಲ್ಲರೆ ಕೊಟ್ಟು ಹೊರಗೆ ಬರುತ್ತೇನೆ.

ನಮ್ಮ ಓಣಿಯಾಗಿದ್ದರೆ ಅವ್ವ ಅವನ ಮನೆ ಮುಂದೆಯೇ ನಿಂತು ಬೈದು, ನಾಯಿಗೆ ಒಂದು ರೊಟ್ಟಿ ಒಗೆದು ಬರುತ್ತಿದ್ದಳು. ಅಲ್ಲಿಗೆ ಮುಗಿಯಿತು. ಸರಪಳಿ ಹಾಗೇ ಇರುತ್ತಿತ್ತು, ಅದೂ ನಿಜ. ಊರು ಭಾರೀ ಛಲೋ ಅಂತ ನಾನು ಹೇಳುತ್ತಿಲ್ಲ. ನಿನ್ನ ಹತ್ತಿರ ಪುಣೆಯವರು, ಬೆಂಗಳೂರಿನವರು ಒಯ್ದ ಮರಿಗಳು ಏನಾದವು ಅಂತ ನೀನು ಎಂದಾದರೂ ಫೋನ್ ಹಚ್ಚಿ ಕೇಳಿದ್ದೀಯಾ? ಹೊಲದಲ್ಲಿ ಓಡುವ ನಾಯಿಯನ್ನು ಎಂಟನೇ ಮಹಡಿ ಫ್ಲಾಟಿಗೆ ಕೊಟ್ಟರೆ ಅದೂ ಒಂದು ಬಾಲ್ಕನಿಯೇ ಅಲ್ವಾ. ಕೇಳು ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೂ ಕೇಳು. ರಾಜಾನನ್ನು ಸಂಜೆಯಾದರೂ ಬಿಚ್ಚಿ ಘಟಪ್ರಭೆ ದಂಡೆಗೆ ಕರೆದುಕೊಂಡು ಹೋಗು. ನಿನ್ನ ಹೊಟ್ಟೆಯೂ ಇಳಿಯುತ್ತದೆ. ಅದರ ಫೋಟೋ ತೋರಿಸಿದರೆ ಇಲ್ಲಿ ಯಾರೂ ಊಟದ ಪ್ರಶ್ನೆ ಕೇಳುವುದಿಲ್ಲ.

ಸಾಕು, ಭಾಳ ಗಂಭೀರ ಆಯಿತು. ಓದುವ ಮಂದಿಗೆ ನಾನು ದೊಡ್ಡ ಚಿಂತಕ ಅನಿಸಿಬಿಟ್ಟರೆ ಕಷ್ಟ. ಅವರಿಗೊಂದು ಸುದ್ದಿ ಹೇಳಿ ಮುಗಿಸುತ್ತೇನೆ. ಹೋದ ವಾರ ಕೆಂಪು ಹಿಂಡಿಗೆ (ಖಾರದ ಚಟ್ನಿ) ಅಂತ ಬ್ಯಾಡಗಿ ಮೆಣಸಿನಕಾಯಿ ಹುರಿದೆ. ಘಾಟು ಮೆಟ್ಟಿಲು ಇಳಿದು ಕೆಳಗಿನ ಮನೆಗಳನ್ನೆಲ್ಲ ಕೆಮ್ಮಿಸಿ ಬಂತು. ಮೂರು ದಿನಕ್ಕೆ ಕಟ್ಟಡ ನೋಡಿಕೊಳ್ಳುವವರಿಂದ ನನಗೊಂದು ಪತ್ರ. ಯಾರೋ ನೆರೆಯವರು ದೂರು ಕೊಟ್ಟಿದ್ದಾರೆ, ಹೆಸರು ಹೇಳುವಂತಿಲ್ಲವಂತೆ. ಬೆಲ್ ಒತ್ತಿ ಹೇಳಿದ್ದರೆ ಒಂದು ಬಟ್ಟಲು ಹಿಂಡಿ ಕೊಟ್ಟು ಕಳಿಸುತ್ತಿದ್ದೆ, ಗೊತ್ತಾ?

ನಿನ್ನ,
ಬರ್ಲಿನ್ ಗೌಡ