ಶವಾಗಾರದಲ್ಲಿ ಸಿಗುವ ಸೋಂಕಿನ ಸುಳಿವು

ಮಾನ್ಯ ಸಂಪಾದಕರೇ,

2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷಿಸಿ ನಡೆಸಿದ ಸಮೀಕ್ಷೆಯಲ್ಲಿ ಶೇ 67.6ರಷ್ಟು ಮಂದಿಯಲ್ಲಿ ಕೊರೊನಾ ಪ್ರತಿಕಾಯಗಳು ಕಂಡುಬಂದವು. ಅಂತಹ ಸಮೀಕ್ಷೆ ದುಬಾರಿ. ಸೂಜಿ ಕಂಡರೆ ಬಾಗಿಲು ಹಾಕಿಕೊಳ್ಳುವವರೂ ಉಂಟು. ಆದರೆ ರಸ್ತೆ ಅಪಘಾತದಲ್ಲಿಯೋ, ಹತ್ತಿ ಹೊಲದಲ್ಲಿ ಹಾವು ಕಚ್ಚಿಯೋ ಸತ್ತವರ ದೇಹಗಳು ರಾಯಚೂರು ಜಿಲ್ಲೆಯ ಶವಾಗಾರಗಳಿಗೆ ಬಂದೇ ಬರುತ್ತವೆ. ಹೀಗೆ ಬೇರೆ ಕಾರಣಕ್ಕೆ ಸತ್ತವರ ತೊಡೆಯ ರಕ್ತನಾಳದಿಂದ ಒಂದಿಷ್ಟು ರಕ್ತ ತೆಗೆದು, ಅದರ ತಿಳಿ ದ್ರವವಾದ ಸೀರಂ ಬೇರ್ಪಡಿಸಿ ಐಜಿಜಿ (ಸೋಂಕಿನ ಬಳಿಕ ಬಹುಕಾಲ ರಕ್ತದಲ್ಲಿ ಉಳಿಯುವ ಪ್ರತಿಕಾಯ) ಪರೀಕ್ಷಿಸಿದರೆ, ಲಸಿಕೆಯಿಂದ ಮೂಡಿದ್ದನ್ನು ಲೆಕ್ಕಕ್ಕೆ ಹಿಡಿದು, ರೋಗಲಕ್ಷಣ ಕಾಣದವರನ್ನೂ ಸೇರಿಸಿ ಸೋಂಕು ಊರೊಳಗೆ ಎಷ್ಟು ಹಬ್ಬಿತ್ತೆಂಬ ಅಂದಾಜು ಸಿಗುತ್ತದೆ. ಸೋಂಕಿನ ಮೊದಲ ದಿನಗಳಲ್ಲಿ ಐಜಿಜಿ ಕಾಣದಿರುವುದರಿಂದ ವೈರಾಣುವನ್ನೇ ಪತ್ತೆಹಚ್ಚುವ ಆರ್‌ಟಿ–ಪಿಸಿಆರ್ ಪರೀಕ್ಷೆಯೂ ಬೇಕು. ಹೊರಗೆ ಬೇವಿನ ಮರದಡಿ ಕಾದು ಕುಳಿತ ಮನೆಯವರ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು ಇದನ್ನು ನಡೆಸಲು ಆರೋಗ್ಯ ಇಲಾಖೆ ಈಗಲೇ ನಿಯಮ ರೂಪಿಸಲಿ.

– ಓದುಗ, ರಾಯಚೂರು