ಹಳೆಯ ಇಂಗ್ಲಿಷ್ ಕಾವ್ಯ ನಮಗೆ ಅಷ್ಟೇನೂ ದೂರದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು, ಡಿಗ್ರಿಯಲ್ಲಿ ಇಂಗ್ಲಿಷ್ ತೆಗೆದುಕೊಂಡ ಮಕ್ಕಳಿಗೆ ಸಾವಿರ ವರ್ಷ ಹಿಂದಿನ ಆಂಗ್ಲೋ ಸ್ಯಾಕ್ಸನ್, ಅಂದರೆ ಹಳೆಯ ಇಂಗ್ಲಿಷ್, ಕಾವ್ಯ ಯಾಕೆ, ಕುಡಿದು ಹೊಡೆದಾಡುವವರ ಹಾಡು ಅದು, ಅದರ ಬದಲು ನಾಲ್ಕು ಕಂಪ್ಯೂಟರ್ ಪಾಠ ಹೇಳಿಕೊಡಿ ಅಂತ. ಆ ಪತ್ರದಿಂದ ನಮ್ಮ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ನನ್ನ ಮಗಳು ಈಗ ಓದುತ್ತಿರುವುದು ಅದನ್ನೇ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು, ಎಲ್ಲಿ ತಾಳಮದ್ದಳೆ ಇದ್ದರೂ ಹೋಗಿ ಕೂರುವವನು. ಆದರೂ ಬರೆಯದೆ ಇರಲಾಗಲಿಲ್ಲ.

ಮಗಳ ಗೈಡಿನಲ್ಲಿ ಆ ಕಾಲದ ಸಂಸ್ಕೃತಿ ಅಂತ ಐದು ಪಾಯಿಂಟ್ ಕೊಟ್ಟಿದ್ದಾರೆ. ನಿಷ್ಠೆ, ಶೌರ್ಯ, ವಿಧಿ, ಹೀಗೆ. ಅವಳು ಅದನ್ನು ಮಗ್ಗಿ ಥರ ಬಾಯಿಪಾಠ ಮಾಡುತ್ತಿದ್ದಳು. ಒಂದು ಸಂಜೆ ಅದರಲ್ಲೇ ಅಡಿಟಿಪ್ಪಣಿಯಲ್ಲಿ ಒಂದು ವಿಷಯ ಸಿಕ್ಕಿತು ಅಂತ ಜೋರಾಗಿ ಓದಿದಳು. ಇಂಗ್ಲಿಷಿನ 'ಲಾರ್ಡ್' ಎಂಬ ಪದದ ಹಳೆಯ ರೂಪ 'ಹ್ಲಾಫೋರ್ಡ್', ಹ್ಲಾಫ್ ಅಂದರೆ ರೊಟ್ಟಿ, ಒಟ್ಟು ಅರ್ಥ ರೊಟ್ಟಿ ಕಾಯುವವನು. 'ಲೇಡಿ' ಅಂದರೆ ರೊಟ್ಟಿಯ ಹಿಟ್ಟು ನಾದುವವಳು. ಒಡೆಯನ ಮನೆಯ ಆಳಿಗೆ ಅವರ ಹಳೆಯ ಕಾನೂನಿನಲ್ಲಿ 'ರೊಟ್ಟಿ ತಿನ್ನುವವನು' ಅಂತಲೇ ಹೆಸರು. ಚಾವಡಿಯಲ್ಲಿ ಆರಾಮ ಕುರ್ಚಿಯಲ್ಲಿದ್ದ ನನ್ನ ತಂದೆ, ಹಳೆಯ ಕನ್ನಡ ಮಾಸ್ಟ್ರು, ಕಣ್ಣು ಮುಚ್ಚಿಕೊಂಡೇ ಒಂದು ಮಾತು ಅಂದರು: "ಜೋಳವಾಳಿ."

ಅಷ್ಟೇ. ಆ ಐದು ಪಾಯಿಂಟೂ ಅದರೊಳಗೆ ಬಂದುಬಿಟ್ಟವು.

ಜೋಳವಾಳಿ ಅಂದರೆ ಒಡೆಯನ ಜೋಳ ಉಂಡದ್ದಕ್ಕೆ ಪ್ರಾಣ ಕೊಟ್ಟಾದರೂ ತೀರಿಸಬೇಕಾದ ಋಣ. ನಮ್ಮ ಹಳಗನ್ನಡ ಕಾವ್ಯದಲ್ಲಿ, ಶಾಸನಗಳಲ್ಲಿ ಇದು ಸುಮ್ನೆ ಅಲಂಕಾರದ ಮಾತಲ್ಲ, ಇದಕ್ಕಾಗಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಿನ ತುಂಬ ಇವೆ. ಕೃಷ್ಣ ಬಂದು ಜನ್ಮರಹಸ್ಯ ಹೇಳಿದ ಮೇಲೂ ಕರ್ಣ ಯಾಕೆ ಕೌರವನನ್ನು ಬಿಟ್ಟು ಹೋಗಲಿಲ್ಲ ಅಂತ ನಮ್ಮಲ್ಲಿ ತಾಳಮದ್ದಳೆ ಕೇಳಿ ಬೆಳೆದ ಯಾವ ಹುಡುಗನಿಗೂ ಗೈಡು ಬೇಡ. ಅದೇ ಹುಡುಗ ಹಳೆಯ ಇಂಗ್ಲಿಷಿನ ಬೇವುಲ್ಫ್ ಎಂಬ ವೀರಕಾವ್ಯದ ಕೊನೆಯ ಭಾಗ ಓದಿದರೆ ಸೀದಾ ಅರ್ಥವಾಗುತ್ತದೆ. ಐವತ್ತು ವರ್ಷ ರಾಜ್ಯ ಆಳಿ ಮುದುಕನಾದ ಬೇವುಲ್ಫ್ ಬೆಂಕಿ ಉಗುಳುವ ಘಟಸರ್ಪದ ಎದುರು ನಿಂತಾಗ ಅವನ ಜತೆ ಬಂದವರೆಲ್ಲ ಕಾಡಿಗೆ ಓಡುತ್ತಾರೆ. ವಿಗ್ಲಾಫ್ ಎಂಬ ಒಬ್ಬ ಹುಡುಗ ಮಾತ್ರ ನಿಲ್ಲುತ್ತಾನೆ. ಅವನು ಉಳಿದವರಿಗೆ ನೆನಪು ಮಾಡಿಕೊಡುವುದು ಏನನ್ನು ಗೊತ್ತಾ? ಧರ್ಮವನ್ನಲ್ಲ, ದೇಶವನ್ನಲ್ಲ. ಒಡೆಯನ ಚಾವಡಿಯಲ್ಲಿ ಕೂತು ಜೇನಿನ ಮದ್ಯ ಕುಡಿಯುವಾಗ ನಾವು ಏನು ಮಾತು ಕೊಟ್ಟಿದ್ದೆವು, ಈ ಕತ್ತಿ ಈ ಶಿರಸ್ತ್ರಾಣ ಯಾರು ಕೊಟ್ಟದ್ದು ಅಂತ ಕೇಳುತ್ತಾನೆ. ಕುಡಿಯುವವರ ಹಾಡು ಅಂದರಲ್ಲ ಆ ಪತ್ರದವರು, ಹೌದು, ಕುಡಿದಿದ್ದಾರೆ. ಕುಡಿದ ಋಣದ ಲೆಕ್ಕವೇ ಅಲ್ಲಿ ಕಾವ್ಯ.

ಕಾಲವೂ ಹೆಚ್ಚುಕಮ್ಮಿ ಒಂದೇ. ಪಂಪ ವಿಕ್ರಮಾರ್ಜುನ ವಿಜಯ ಮುಗಿಸಿದ್ದು 941ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 937ರಲ್ಲಿ, ಬ್ರೂನನ್‌ಬರ್ ಎಂಬಲ್ಲಿ ನಡೆದ ಯುದ್ಧದ ಮೇಲೆ ಹಳೆಯ ಇಂಗ್ಲಿಷಿನಲ್ಲಿ ಒಂದು ಪದ್ಯ ಇದೆ. 991ರಲ್ಲಿ ಮಾಲ್ಡನ್‌ನಲ್ಲಿ ವೈಕಿಂಗರ ಎದುರು ಬಿರ್ಟ್‌ನಾತ್ ಎಂಬ ಒಡೆಯ ಸತ್ತ, ಅವನ ಆಳುಗಳಲ್ಲಿ ಕೆಲವರು ಓಡಿಹೋದರು, ಉಳಿದವರು ದಾರಿ ಇದ್ದರೂ ಓಡದೆ ಅವನ ಹೆಣದ ಪಕ್ಕದಲ್ಲೇ ಒಬ್ಬೊಬ್ಬರಾಗಿ ಬಿದ್ದರು. ಸುಮಾರು ಅದೇ ಕಾಲದಲ್ಲಿ ನಮ್ಮಲ್ಲಿ ರನ್ನ ಗದಾಯುದ್ಧ ಬರೆದ. ಬಿರ್ಟ್‌ನಾತ್ ಜಂಬಕ್ಕೆ ಬಿದ್ದು ಶತ್ರುಗಳಿಗೆ ನೀರು ದಾಟಿ ಬರಲು ಬಿಟ್ಟು ಕೆಟ್ಟ ಅಂತ ಆ ಯುದ್ಧದ ಮೇಲೆ ಪದ್ಯ ಕಟ್ಟಿದ ಕವಿ ಮೆಲ್ಲಗೆ ಹೇಳಿಯೂ ಹೇಳುತ್ತಾನೆ, ಹೊಗಳುತ್ತಲೂ ಇರುತ್ತಾನೆ. ರನ್ನನ ದುರ್ಯೋಧನ ನೆನಪಾಗುತ್ತಾನೆ, ಅಲ್ವಾ?

ಇನ್ನು ಪದ್ಯ ಕಟ್ಟುವ ರೀತಿ. ಇದನ್ನು ಮಗಳಿಗೆ ಹೇಳಿಕೊಡಲು ತಂದೆಯವರು ಒಂದು ಗಾದೆ ಹಿಡಿದರು. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.' ಹೊಟ್ಟೆ, ಹಿಟ್ಟು, ಜುಟ್ಟು, ಮೂರರಲ್ಲೂ ಎರಡನೆಯ ಅಕ್ಷರ 'ಟ್ಟ'. ನಮ್ಮ ಹಳೆಯ ಕವಿಗಳು ಪ್ರಾಸ ಹಿಡಿದದ್ದು ಅಲ್ಲಿ, ಸಾಲಿನ ಎರಡನೆಯ ಅಕ್ಷರದಲ್ಲಿ. ಆಂಗ್ಲೋ ಸ್ಯಾಕ್ಸನ್ ಕವಿಯ ಕಿವಿ ನಿಲ್ಲುವುದು 'ಹೊ', 'ಹಿ' ಮೇಲೆ, ಪದದ ಮೊದಲ ಸದ್ದಿನ ಮೇಲೆ. ಸಾಲನ್ನು ನಡುವೆ ಮುರಿದು ಎರಡು ತುಂಡು ಮಾಡುತ್ತಾರೆ, ತುಂಡಿಗೆ ಎರಡು ಪೆಟ್ಟು, ಒಟ್ಟು ನಾಲ್ಕು. ಮೂರನೆಯ ಪೆಟ್ಟಿನ ಸದ್ದು ಯಾವುದೋ ಅದೇ ಸದ್ದು ಮೊದಲ ತುಂಡಿನಲ್ಲೂ ಒಂದು ಸಲವಾದರೂ ಬರಲೇಬೇಕು. ಸಾಲಿನ ಕೊನೆಗೆ ಪ್ರಾಸ ಬೇಕಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರ ಹೊತ್ತಿಗೆ ಆ ಎರಡನೆಯ ಅಕ್ಷರದ ಪ್ರಾಸ ಬಿಟ್ಟಾಗ ಎಷ್ಟು ಗಲಾಟೆಯಾಯಿತು ಎಂದು ತಂದೆಯವರು ಈಗಲೂ ಹೇಳುತ್ತಾರೆ. ಪ್ರಾಸದ ಮೇಲೆ ಜಗಳ ಮಾಡಿದ ಊರಿನವರಿಗೆ ಇದೆಲ್ಲ ಹೊಸದಾ?

ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗಳು ಅರ್ಜುನನನ್ನು ಒಂದು ಸಲ ಪಾರ್ಥ ಅಂದರೆ ಇನ್ನೊಂದು ಸಲ ಕಿರೀಟಿ, ಆಮೇಲೆ ಧನಂಜಯ, ಸವ್ಯಸಾಚಿ ಅಂತ ಹೆಸರು ಬದಲಿಸುತ್ತ ಹೋಗುತ್ತಾರಲ್ಲ, ಅಲ್ಲಿನ ಕವಿಯೂ ಹಾಗೆಯೇ. ಕಡಲಿಗೆ 'ತಿಮಿಂಗಿಲದ ದಾರಿ' ಅನ್ನುತ್ತಾನೆ, ಮೈಗೆ 'ಎಲುಬಿನ ಮನೆ'. ಮಾತಾಡಲು ಶುರು ಮಾಡಿದ ಅಂತ ಹೇಳುವುದಿಲ್ಲ, ಮಾತಿನ ಕಣಜದ ಬೀಗ ತೆಗೆದ ಅನ್ನುತ್ತಾನೆ.

ಎಲ್ಲವೂ ಚಂದ ಅಂತ ನಾನು ಹೇಳುತ್ತಿಲ್ಲ. ಬೇವುಲ್ಫ್ 3182 ಸಾಲಿನ ಕಾವ್ಯ, ನಡುನಡುವೆ ಯಾರದೋ ವಂಶದ ಹಳೆಯ ಜಗಳಗಳು ಬರುತ್ತವೆ, ಮಗಳು ಅನುವಾದ ಓದುವಾಗ ನನಗೆ ಚೆನ್ನಾಗಿ ನಿದ್ದೆ ಬಂತು. ಆದರೆ 'ಅಲೆಮಾರಿ' ಅಂತ ಹೇಳಬಹುದಾದ ಒಂದು ಸಣ್ಣ ಪದ್ಯ ಇದೆ. ಒಡೆಯ ಸತ್ತು, ಜತೆಯವರೆಲ್ಲ ಸತ್ತು, ಒಬ್ಬನೇ ಉಳಿದವನು ಚಳಿಗಾಲದ ಕಡಲಲ್ಲಿ ದೋಣಿಯ ಹುಟ್ಟು ಹಾಕುತ್ತಿದ್ದಾನೆ. ತೂಕಡಿಕೆಯಲ್ಲಿ ಒಂದು ಕನಸು. ಹಳೆಯ ಚಾವಡಿಯಲ್ಲಿ ಒಡೆಯನನ್ನು ಅಪ್ಪಿ ಅವನ ಮೊಣಕಾಲ ಮೇಲೆ ತಲೆ ಇಟ್ಟ ಹಾಗೆ. ಎಚ್ಚರಾದರೆ ಎದುರಿಗೆ ಕಪ್ಪು ಅಲೆ, ರೆಕ್ಕೆ ಬಿಚ್ಚಿ ಮೀಯುವ ಕಡಲ ಹಕ್ಕಿಗಳು, ಹಿಮ, ಆಲಿಕಲ್ಲು. ನನ್ನ ತಮ್ಮ ಹದಿನೆಂಟು ವರ್ಷ ಗಲ್ಫಿನಲ್ಲಿದ್ದ. ಕನಸಲ್ಲಿ ನಮ್ಮ ಅಂಗಳಕ್ಕೆ ಬಂದು, ಏಳುವಾಗ ಎಂಟು ಜನ ಮಲಗಿದ ರೂಮಿನಲ್ಲಿ ಏಸಿ ಸದ್ದು ಕೇಳುತ್ತಿತ್ತು ಅಂತ ಅವನು ಒಮ್ಮೆ ಹೇಳಿದ್ದ. ಕಾಸರಗೋಡಿನಲ್ಲಿ ಈ ಪದ್ಯಕ್ಕೆ ಟಿಪ್ಪಣಿ ಬೇಕಾಗುವ ಮನೆ ಎಷ್ಟಿದೆ?

ಅದೇ ಪದ್ಯದಲ್ಲಿ 'ವಿರ್ಡ್' ಅಂತ ಒಂದು ಪದ ಬರುತ್ತದೆ, ಗೈಡಿನಲ್ಲಿ ವಿಧಿ ಅಂತ ಕೊಟ್ಟಿದ್ದಾರೆ. ಆದರೆ ಅದು ಹುಟ್ಟಿದ್ದು 'ಆಗು' ಎಂಬ ಅರ್ಥದ ಕ್ರಿಯಾಪದದಿಂದಂತೆ. ಹಣೆಯ ಮೇಲೆ ಯಾರೋ ಬರೆದದ್ದು ಅಲ್ಲ. ಆಗುವುದು ಆಗಿಯೇ ಆಗುತ್ತದೆ ಅನ್ನುತ್ತೇವಲ್ಲ, ಆ ಮಾತಿಗೇ ಜಾಸ್ತಿ ಹತ್ತಿರ.

ಆ ಕಾಲದ ಒಗಟುಗಳನ್ನಂತೂ ಕೇಳಿ ನಕ್ಕೆವು. ಎಕ್ಸೆಟರ್ ಚರ್ಚಿನ ಬಿಷಪ್ ಲಿಯೋಫ್ರಿಕ್, 1072ರಲ್ಲಿ ತೀರಿಕೊಂಡವರು, ಆ ಚರ್ಚಿಗೆ ಕೊಟ್ಟ ಪುಸ್ತಕದಲ್ಲಿ ತೊಂಬತ್ತಕ್ಕೂ ಹೆಚ್ಚು ಒಗಟುಗಳಿವೆ. ಒಂದು ಹುಳ ಮಾತುಗಳನ್ನೇ ತಿಂದಿತು, ತಿಂದ ಕಳ್ಳನಿಗೆ ಬುದ್ಧಿ ಮಾತ್ರ ಒಂದಿಷ್ಟೂ ಬರಲಿಲ್ಲ, ಏನದು? ಪುಸ್ತಕದ ಹುಳ. ಪರೀಕ್ಷೆಗೆ ಬಾಯಿಪಾಠ ಮಾಡುವವರಿಗೂ ಹೊಂದುತ್ತದೆ ಅಂತ ಮಗಳೇ ಹೇಳಿದಳು. ಕೆಲವು ಪೋಲಿ ಒಗಟುಗಳೂ ಇವೆ, ಈರುಳ್ಳಿಯ ಮೇಲಿನದ್ದನ್ನು ನಾನು ಪತ್ರಿಕೆಗೆ ಬರೆಯಲಾರೆ. ಚರ್ಚಿನವರು ಜೋಪಾನ ಮಾಡಿದ ಪುಸ್ತಕ, ನೆನಪಿರಲಿ. ಹಾಗೆ ನೋಡಿದರೆ ಈ ಪುಸ್ತಕಗಳು ಉಳಿದದ್ದೇ ಆಶ್ಚರ್ಯ. ಎಕ್ಸೆಟರ್ ಪುಸ್ತಕದ ಹಾಳೆಗಳ ಮೇಲೆ ಚೂರಿಯಿಂದ ಕೊಯ್ದ ಗೀರುಗಳಿವೆ. ಬೇವುಲ್ಫ್‌ನ ಹಸ್ತಪ್ರತಿ ಇರುವುದೇ ಒಂದು, ಅದೂ 1731ರಲ್ಲಿ ಲಂಡನ್ನಿನ ಒಂದು ಬೆಂಕಿಯಲ್ಲಿ ಅಂಚು ಸುಟ್ಟು ಉಳಿದದ್ದು. ಮಾಲ್ಡನ್ ಪದ್ಯ ಆ ಬೆಂಕಿಯಲ್ಲಿ ಸುಟ್ಟೇ ಹೋಯಿತು, ಮೊದಲೇ ಯಾರೋ ನಕಲು ಮಾಡಿಟ್ಟಿದ್ದರಿಂದ ಈಗ ಓದಲು ಸಿಗುತ್ತಿದೆ.

ಆ ಪತ್ರದವರು ಇನ್ನೊಂದು ಮಾತು ಬರೆದಿದ್ದರು, ನಮ್ಮನ್ನು ಆಳಿದವರ ಅಜ್ಜಂದಿರ ಹಾಡು ನಮಗೆ ಯಾಕೆ ಅಂತ. ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಹಾಡು ಕಟ್ಟಿದವರ ಭಾಷೆ 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಗೆದ್ದು ಬಂದ ಮೇಲೆ ಅರಮನೆಯಿಂದ, ಕೋರ್ಟಿನಿಂದ ಹೊರಗೆ ಬಿತ್ತು. ಕಾಗದಪತ್ರ ಎಲ್ಲ ಲ್ಯಾಟಿನ್, ದೊಡ್ಡವರ ಮಾತು ಫ್ರೆಂಚ್. ಪೀಟರ್‌ಬರೋ ಎಂಬಲ್ಲಿ ಮಠದವರು ಮಾತ್ರ ತಮ್ಮ ಊರ ಭಾಷೆಯಲ್ಲಿ ಚರಿತ್ರೆ ಬರೆಯುತ್ತಲೇ ಹೋದರು, 1154ರ ತನಕ. ಅಂದರೆ ಎಂಬತ್ತೆಂಟು ವರ್ಷ. ನಾವು, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಲೆಕ್ಕ ಹಾಕುತ್ತಿದ್ದೇವೆ. ಮೊನ್ನೆ ಒಂದು ಕಚೇರಿಯಲ್ಲಿ ಕನ್ನಡದ ಅರ್ಜಿ ಫಾರ್ಮ್ ಕೇಳಿದ್ದಕ್ಕೆ ಮುಗಿದಿದೆ ಅಂದರು, ಯಾವಾಗ ಮುಗಿಯಿತು ಅಂತ ಅವರಿಗೂ ಗೊತ್ತಿರಲಿಲ್ಲ.

ಹದಿಮೂರನೆಯ ಶತಮಾನದ ಹೊತ್ತಿಗೆ ಆ ಹಳೆಯ ಇಂಗ್ಲಿಷ್ ಓದಿದರೆ ಅರ್ಥವಾಗುವವರೇ ಕಡಿಮೆ. ಆಗ ವುಸ್ಟರ್‌ನಲ್ಲಿ ಒಬ್ಬ ಸನ್ಯಾಸಿ ಹಳೆಯ ಪುಸ್ತಕಗಳನ್ನು ತೆಗೆದು, ಸಾಲುಗಳ ಮೇಲೆ ಸಣ್ಣಕ್ಕೆ ಲ್ಯಾಟಿನ್‌ನಲ್ಲಿ ಪದಗಳ ಅರ್ಥ ಬರೆಯುತ್ತ ಹೋದ. ಹೆಸರು ಯಾರಿಗೂ ಗೊತ್ತಿಲ್ಲ. ಅಕ್ಷರ ಅಲುಗಿದ್ದು ಈಗಲೂ ಕಾಣುವುದರಿಂದ ವಿದ್ವಾಂಸರು ಅವನನ್ನು 'ನಡುಗುವ ಕೈ' ಅಂತಲೇ ಕರೆಯುತ್ತಾರೆ. ಇದು ಗೈಡಿನಲ್ಲಿಲ್ಲ, ಮಗಳು ಲೈಬ್ರರಿಯಿಂದ ತಂದ ಪುಸ್ತಕದಲ್ಲಿತ್ತು. ಅವಳು ಓದಿ ಮುಗಿಸಿ ಅಜ್ಜನ ಕಡೆ ನೋಡಿದಳು. ನಾನೂ ನೋಡಿದೆ. ತಂದೆಯವರು ಹೋದ ವರ್ಷದಿಂದ ಮನೆಯ ಯಕ್ಷಗಾನ ಪ್ರಸಂಗ ಪುಸ್ತಕಗಳಲ್ಲಿ ಕಷ್ಟದ ಪದಗಳ ಪಕ್ಕ ಪೆನ್ಸಿಲಿನಲ್ಲಿ ಅರ್ಥ ಬರೆದಿಡುತ್ತಿದ್ದಾರೆ, ಕನ್ನಡ ಶಾಲೆಗೆ ಹೋಗದ ನನ್ನ ತಮ್ಮನ ಮಕ್ಕಳಿಗಾಗಿ. ಅವರ ಕೈಯೂ ನೆಟ್ಟಗಿಲ್ಲ.

ಸಂಪಾದಕರೇ, ನನ್ನದು ಒಂದೇ ಕೋರಿಕೆ. ಪುರವಣಿಯಲ್ಲಿ ಪದಬಂಧದ ಕೆಳಗೆ ಸ್ವಲ್ಪ ಜಾಗ ಇರುತ್ತದೆ. ಅಲ್ಲಿ ವಾರಕ್ಕೊಂದು ಆ ಹಳೆಯ ಒಗಟನ್ನು ಕನ್ನಡದಲ್ಲಿ ಹಾಕಿ, ಪಕ್ಕದಲ್ಲಿ ನಮ್ಮದೊಂದು ಒಗಟು ಹಾಕಿ. ಕನ್ನಡಕ್ಕೆ ತರಲು ಮಗಳು ತಯಾರಿದ್ದಾಳೆ, ಸಂಭಾವನೆ ಬೇಡ. ಈರುಳ್ಳಿಯದ್ದು ಹಾಕುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಇಂತಿ,
ಒಬ್ಬ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ