ಟೋಟಲ್ ಲಾಸ್ ಆಗಿ ಮತ್ತೆ ರಿಪೇರಿಯಾದ ವಾಹನಗಳ ಬಗ್ಗೆ ನಮ್ಮ ಹೊಸ ನಿಯಮ: ಗ್ರಾಹಕರಿಗೆ ಪತ್ರ

ಕಲಬುರಗಿ

ಮಾನ್ಯ ಗ್ರಾಹಕರಿಗೆ ಶರಣು ಶರಣಾರ್ಥಿಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮಲ್ಲಿ ಮಾರಾಟವಾಗುವ ಪ್ರತಿಯೊಂದು ಹಳೆಯ ಕಾರು, ಜೀಪು ಮತ್ತು ಸರಕು ವಾಹನದ ಜೊತೆಗೆ ಒಂದು ಘೋಷಣಾ ಪತ್ರವನ್ನು ಕೊಡಲು ನಿರ್ಧರಿಸಿದ್ದೇವೆ. ಆ ವಾಹನವು ಹಿಂದೆ ಅಪಘಾತದಲ್ಲಾಗಲಿ ಪ್ರವಾಹದಲ್ಲಾಗಲಿ ಜಖಂಗೊಂಡು, ವಿಮಾ ಕಂಪನಿಯ ಲೆಕ್ಕದಲ್ಲಿ ‘ಟೋಟಲ್ ಲಾಸ್’ ಆಗಿ, ಆಮೇಲೆ ರಿಪೇರಿಯಾಗಿ ರಸ್ತೆಗೆ ಬಂದದ್ದೇ ಎಂಬುದನ್ನು ಅದರಲ್ಲಿ ಸಹಿ, ಮೊಹರಿನೊಂದಿಗೆ ಬರೆದಿರುತ್ತೇವೆ. ನಿಮ್ಮಿಂದ ಮುಂಗಡ ಪಡೆಯುವ ಮೊದಲೇ ಈ ಪತ್ರ ನಿಮ್ಮ ಕೈಯಲ್ಲಿರುತ್ತದೆ.

ಇದರ ಅಗತ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ರಿಪೇರಿಯ ಖರ್ಚು ವಾಹನದ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇ. 75ನ್ನು ಮೀರಿದರೆ ವಿಮಾ ಕಂಪನಿಯು ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸಿ ಪರಿಹಾರ ಕೊಡುತ್ತದೆ. ಉಳಿದ ಜಖಂ ಗಾಡಿ ಹರಾಜಿನಲ್ಲಿ ಯಾರದೋ ಪಾಲಾಗುತ್ತದೆ ಅಥವಾ ಅದರ ಬೆಲೆಯನ್ನು ಪರಿಹಾರದಲ್ಲಿ ಕಳೆದು ಮಾಲೀಕರಿಗೇ ಬಿಡಲಾಗುತ್ತದೆ. ಡೆಂಟಿಂಗ್, ಪೇಂಟಿಂಗ್ ಮುಗಿದು ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ ಆರ್‌ಸಿಯಲ್ಲಿ ಈ ಕಥೆಯ ಒಂದು ಸಾಲೂ ಇರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿನ ರಾಜ್ಯಗಳು ಇಂಥ ವಾಹನದ ಮಾಲೀಕತ್ವ ಪತ್ರದ ಮೇಲೆಯೇ ‘ಸಾಲ್ವೇಜ್’ ಎಂದೂ, ದುರಸ್ತಿಯ ನಂತರ ‘ರೀಬಿಲ್ಟ್’ ಎಂದೂ ಗುರುತು ಹಾಕುತ್ತವೆ. ರಾಜ್ಯದ ಗಡಿ ದಾಟಿಸಿ ಹೊಸ ಪತ್ರ ಮಾಡಿಸಿಕೊಂಡು ಆ ಗುರುತನ್ನು ಅಳಿಸುವವರು ಅಲ್ಲಿಯೂ ಇದ್ದುದರಿಂದ, 1992ರ ಕಾನೂನಿನ ಮೂಲಕ ಎಲ್ಲ ರಾಜ್ಯಗಳ ಮಾಹಿತಿಯನ್ನು ಒಂದೆಡೆ ತರುವ ರಾಷ್ಟ್ರೀಯ ವ್ಯವಸ್ಥೆಗೆ ದಾರಿ ಮಾಡಲಾಯಿತು.

ಗಡಿಯ ಈ ಮಾತು ನಮ್ಮ ಜಿಲ್ಲೆಗೆ ಬಹಳ ಹತ್ತಿರದ್ದು. ಒಂದು ಕಡೆ ಸೋಲಾಪುರ, ಇನ್ನೊಂದು ಕಡೆ ಹೈದರಾಬಾದ್ ಇರುವುದರಿಂದ ಹೊರರಾಜ್ಯದ ಗಾಡಿಗಳು ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಪಡೆದು ಇಲ್ಲಿಗೆ ಬಂದು ಕೆಎ-32 ನೋಂದಣಿ ಪಡೆಯುತ್ತವೆ. ಎನ್‌ಒಸಿಯು ತೆರಿಗೆ ಬಾಕಿ, ಸಾಲ, ಪೊಲೀಸ್ ಪ್ರಕರಣಗಳ ವಿಷಯದಲ್ಲಿ ಅಡ್ಡಿಯಿಲ್ಲ ಎಂದು ಹೇಳುತ್ತದೆಯೇ ಹೊರತು ಗಾಡಿ ನೀರಿನಲ್ಲಿ ಮುಳುಗಿತ್ತೆಂದು ಹೇಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೂ ನಮ್ಮ ಭೀಮಾ ತೀರದಲ್ಲೂ ನೆರೆ ಬಂದದ್ದು ನಿಮಗೆ ನೆನಪಿರಬಹುದು. ನೆರೆಯಲ್ಲಿ ನಿಂತ ಗಾಡಿಯನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಸೀಟಿನ ಕೆಳಗಿನ ವೈರಿಂಗ್ ಜೋಡಣೆಗಳಲ್ಲಿ ತುಕ್ಕು ನಿಧಾನವಾಗಿ ಬೆಳೆದು, ತಿಂಗಳುಗಳ ನಂತರ ಗಾಡಿ ನಡುದಾರಿಯಲ್ಲಿ ನಿಲ್ಲಬಹುದು, ಅಪಘಾತದ ಗಳಿಗೆಯಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು. ಅಪಘಾತದ ಗಾಡಿಗಳಲ್ಲಿ ಒಮ್ಮೆ ತೆರೆದ ಏರ್‌ಬ್ಯಾಗಿನ ಜಾಗಕ್ಕೆ ಹೊಸದನ್ನು ಹಾಕದೆ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಮಾತ್ರ ಆರುವಂತೆ ಮಾಡುವವರೂ ಇದ್ದಾರೆ. ತೊಗರಿ ಮಾರಿದ ದುಡ್ಡಿನಲ್ಲಿ ಗಾಡಿ ಕೊಳ್ಳುವ ಕುಟುಂಬಕ್ಕೆ ಇದು ಗೊತ್ತಾಗಬೇಕಾದದ್ದು ಕೊಳ್ಳುವ ಮೊದಲೇ ಎಂಬುದು ನಮ್ಮ ದೃಢ ಅಭಿಪ್ರಾಯ.

ಆದ್ದರಿಂದ ನಮಗೆ ಗಾಡಿ ಮಾರುವವರಿಂದಲೂ ಇನ್ನು ಮುಂದೆ ಹಳೆಯ ವಿಮಾ ಪಾಲಿಸಿ, ಕ್ಲೇಮಿನ ವಿವರ ಮತ್ತು ಸರ್ವಿಸ್ ದಾಖಲೆಗಳನ್ನು ಕೇಳುತ್ತೇವೆ. ಕೊಡಲು ಒಪ್ಪದವರ ಗಾಡಿಯನ್ನು ಕೊಳ್ಳುವುದಿಲ್ಲ. ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುವುದರ ಜೊತೆಗೆ ನಂಬರಿನ ಸುತ್ತಲಿನ ಲೋಹವನ್ನೂ ಪರಿಶೀಲಿಸುತ್ತೇವೆ, ಏಕೆಂದರೆ ಜಖಂ ಗಾಡಿಯನ್ನು ಅದರ ಕಾಗದಪತ್ರಕ್ಕಾಗಿಯೇ ಕೊಂಡು, ಆ ನಂಬರನ್ನು ಕದ್ದ ಗಾಡಿಗೆ ಹಾಕುವ ದಂಧೆ ದೇಶದ ಹಲವೆಡೆ ಬಯಲಾಗಿದೆ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಡಿ ನೋಂದಣಿ ರದ್ದಾದ ವಾಹನವನ್ನು ನಾವು ಯಾವ ಬೆಲೆಗೂ ಮುಟ್ಟುವುದಿಲ್ಲ. ಪೂರ್ವ ಇತಿಹಾಸ ಎಷ್ಟು ಹುಡುಕಿದರೂ ಸಿಗದಿದ್ದರೆ ಘೋಷಣಾ ಪತ್ರದಲ್ಲಿ ‘ತಿಳಿದುಬಂದಿಲ್ಲ’ ಎಂದೇ ಬರೆಯುತ್ತೇವೆ. ಅದನ್ನು ‘ಇಲ್ಲ’ ಎಂದು ಓದಿಕೊಳ್ಳಬಾರದೆಂದು ವಿನಂತಿ.

2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆಯುವ ನಿಯಮ ಜಾರಿಯಲ್ಲಿದೆ. ಅದು ಗಾಡಿ ಯಾರ ವಶದಲ್ಲಿದೆ ಎಂಬುದಕ್ಕೆ ಹೊಣೆ ನಿಗದಿ ಮಾಡುತ್ತದೆ. ಗಾಡಿಯ ಸ್ಥಿತಿಗತಿಯ ಬಗ್ಗೆ ಹೇಳುವುದಾದರೆ, ಗ್ರಾಹಕರಿಗೆ ಸಂಬಂಧಿಸಿದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವಾ ನ್ಯೂನತೆ ಎಂದೇ ಪರಿಗಣಿಸುತ್ತದೆ. ನಮ್ಮ ಘೋಷಣಾ ಪತ್ರ ತಪ್ಪೆಂದು ಕಂಡುಬಂದರೆ ಅದನ್ನೇ ಸಾಕ್ಷಿಯಾಗಿಟ್ಟು ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು.

ರಿಪೇರಿಯಾದ ಗಾಡಿಗಳೆಲ್ಲ ಕೆಟ್ಟವೆಂದು ಇದರ ಅರ್ಥವಲ್ಲ. ಬಾಗಿಲು, ಬಾನೆಟ್, ಬಂಪರುಗಳಿಗಷ್ಟೇ ಪೆಟ್ಟು ಬಿದ್ದು, ಹಳೆಯ ಗಾಡಿಯ ಐಡಿವಿ ಕಡಿಮೆಯಿದ್ದ ಕಾರಣಕ್ಕೇ ಟೋಟಲ್ ಲಾಸ್ ಆದವು ಸರಿಯಾಗಿ ದುರಸ್ತಿಯಾಗಿದ್ದರೆ ಚೆನ್ನಾಗಿಯೇ ಓಡುತ್ತವೆ. ಅಂಥವನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ರಿಪೇರಿಯ ಬಿಲ್ಲು ತೋರಿಸಿ, ಅದೇ ವರ್ಷದ ಬೇರೆ ಗಾಡಿಗಳಿಗಿಂತ ಕಡಿಮೆ ಬೆಲೆಗೆ ಮಾರುತ್ತೇವೆ. ಕೊಂಡವರು ವಿಮೆ ಮಾಡಿಸುವಾಗ ಪ್ರಸ್ತಾವನಾ ಅರ್ಜಿಯಲ್ಲಿ ಕೇಳಿದ ವಿವರಗಳನ್ನು ಮುಚ್ಚಿಡದೆ ಬರೆಯಬೇಕು. ಇಲ್ಲವಾದರೆ ಮುಂದೆ ಕ್ಲೇಮಿಗೆ ತೊಂದರೆಯಾಗುತ್ತದೆ. ಚಾಸಿ ಅಥವಾ ಛಾವಣಿಯನ್ನು ಹೊತ್ತಿರುವ ಕಂಬಗಳನ್ನು ಕತ್ತರಿಸಿ ಬೆಸೆದ ಗಾಡಿಗಳನ್ನು ಮಾತ್ರ ನಾವು ಇನ್ನು ಮುಂದೆ ಮಾರುವುದಿಲ್ಲ.

ಈ ಹಿಂದೆ ನಮ್ಮಲ್ಲಿ ಕೊಂಡವರೂ ಆರ್‌ಸಿ ಪ್ರತಿಯೊಂದಿಗೆ ಬಂದರೆ, ಆ ವಾಹನದ ಬಗ್ಗೆ ನಮ್ಮ ಕಡತದಲ್ಲಿರುವ ಕಾಗದಗಳ ನಕಲನ್ನು ಉಚಿತವಾಗಿ ಕೊಡುತ್ತೇವೆ. ಭಾನುವಾರ ಹೊರತುಪಡಿಸಿ ಯಾವ ದಿನವಾದರೂ ಬರಬಹುದು.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು